ಚೀಲದೊಳಗಿನ ತಿಂಗಳುಗಳು: ಅಪರೂಪದ ಮಾರ್ಸೂಪಿಯಲ್‌ಗಳ ಸಾಕಣೆ ಮತ್ತು ಸಂತಾನವೃದ್ಧಿ

ಮೃಗಾಲಯದಲ್ಲಿ ಜಿಂಕೆಯೋ ಹುಲಿಯೋ ಮರಿ ಹಾಕಿದರೆ ಆ ದಿನವನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಮರಿ ಕಣ್ಣಿಗೆ ಕಾಣುತ್ತದೆ, ಎಣಿಕೆಗೆ ಸಿಗುತ್ತದೆ, ತೂಕಕ್ಕೂ ಸಿಗುತ್ತದೆ. ಹೊಟ್ಟೆಚೀಲದ ಪ್ರಾಣಿಗಳಾದ ಮಾರ್ಸೂಪಿಯಲ್‌ಗಳ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕೆಂಪು ಕಾಂಗರೂ ಗರ್ಭ ಕಟ್ಟಿದ ಸುಮಾರು 33 ದಿನಕ್ಕೆ ಹೆರುತ್ತದೆ, ಆದರೆ ಹುಟ್ಟಿದ ಮರಿ ಒಂದು ಗ್ರಾಮ್ ಕೂಡ ತೂಗುವುದಿಲ್ಲ. ಕಣ್ಣು ತೆರೆಯದ, ಹಿಂಗಾಲು ಇನ್ನೂ ಮೊಗ್ಗಿನಂತಿರುವ ಆ ಜೀವ ಮುಂಗಾಲುಗಳ ಬಲದಿಂದಲೇ ತಾಯಿಯ ಹೊಟ್ಟೆಯ ಕೂದಲನ್ನು ಹಿಡಿದು ತೆವಳುತ್ತಾ ಚೀಲ ಸೇರಿ, ಒಂದು ಮೊಲೆತೊಟ್ಟನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ತೊಟ್ಟಿನ ತುದಿ ಬಾಯೊಳಗೆ ಉಬ್ಬಿಕೊಂಡು ಮರಿಯನ್ನು ಅಲ್ಲಿಯೇ ಕಟ್ಟಿಹಾಕಿದಂತೆ ಹಿಡಿದುಕೊಳ್ಳುತ್ತದೆ. ಇಷ್ಟೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ, ಪಕ್ಕದಲ್ಲೇ ನಿಂತ ಪ್ರಾಣಿಪಾಲಕರಿಗೂ ಹೆರಿಗೆಯಾದದ್ದು ಗೊತ್ತಾಗದೆ ಹೋಗಬಹುದು. ಮುಂದಿನ ಎಂಟು ತಿಂಗಳ ಬೆಳವಣಿಗೆಯೆಲ್ಲ ಆ ಚೀಲದೊಳಗೇ ನಡೆಯುತ್ತದೆ.

ಆದ್ದರಿಂದ ಈ ಉಪನ್ಯಾಸದಲ್ಲಿ ನಾನು ಮುಖ್ಯವಾಗಿ ಹೇಳಬಯಸುವುದು ಇದು: ಮಾರ್ಸೂಪಿಯಲ್‌ಗಳನ್ನು ಸೆರೆಯಲ್ಲಿ ಸಾಕಿ ಬೆಳೆಸುವ ಕೆಲಸ ಗರ್ಭಕ್ಕಿಂತ ಹೆಚ್ಚಾಗಿ ಹಾಲಿಗೆ ಸಂಬಂಧಿಸಿದ್ದು. ಎಷ್ಟು ಮರಿ ಹುಟ್ಟಿದವು ಎನ್ನುವುದಕ್ಕಿಂತ ಎಷ್ಟು ಮರಿ ಚೀಲದಿಂದ ಹೊರಬಂದವು, ಎಷ್ಟು ಹಾಲು ಬಿಟ್ಟು ಸ್ವಂತವಾಗಿ ಬದುಕಿದವು, ಅವುಗಳಿಗೆ ಮುಂದೆ ಮರಿಗಳಾದವೇ ಎಂಬುದನ್ನು ಕೇಳಬೇಕು. ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದ ಮಾಂಸಾಹಾರಿ ಮಾರ್ಸೂಪಿಯಲ್ ಆದ ಟಾಸ್ಮೇನಿಯನ್ ಡೆವಿಲ್ ಈ ಮಾತಿಗೆ ತೀಕ್ಷ್ಣವಾದ ಉದಾಹರಣೆ. ಮೂರು ವಾರಗಳ ಗರ್ಭದ ನಂತರ ಅದು ಅಕ್ಕಿಕಾಳಿನಷ್ಟು ಗಾತ್ರದ ಇಪ್ಪತ್ತಕ್ಕೂ ಹೆಚ್ಚು ಮರಿಗಳನ್ನು ಹಾಕಬಲ್ಲದು, ಆದರೆ ಚೀಲದಲ್ಲಿರುವುದು ನಾಲ್ಕೇ ಮೊಲೆತೊಟ್ಟು. ಮೊದಲು ತೊಟ್ಟು ಹಿಡಿದ ನಾಲ್ಕಕ್ಕಷ್ಟೇ ಬಾಳುವ ಅವಕಾಶ. ಉಳಿದವು ಆ ದಿನವೇ ಇಲ್ಲವಾಗುತ್ತವೆ.

ಹಾಲಿನ ವಿಚಾರವನ್ನು ಸ್ವಲ್ಪ ವಿವರವಾಗಿ ನೋಡೋಣ. ನಮಗೆ ಪರಿಚಿತವಾದ ಹಸು, ಕುರಿ, ನಾಯಿಗಳಲ್ಲಿ ಗಿಣ್ಣುಹಾಲಿನ ದಿನಗಳು ಕಳೆದ ಮೇಲೆ ಹಾಲಿನ ಗುಣ ಹೆಚ್ಚೇನೂ ಬದಲಾಗುವುದಿಲ್ಲ. ಮಾರ್ಸೂಪಿಯಲ್‌ಗಳಲ್ಲಿ ಮರಿ ಬೆಳೆದಂತೆಲ್ಲ ಹಾಲೂ ಬದಲಾಗುತ್ತಾ ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ತೆಳುವಾಗಿರುವ ಹಾಲು ಮರಿ ಚೀಲದಿಂದ ಹೊರಗೆ ತಲೆಹಾಕುವ ಹೊತ್ತಿಗೆ ಕೊಬ್ಬಿನಿಂದ ದಟ್ಟವಾಗಿರುತ್ತದೆ. ಹೆಣ್ಣು ಕಾಂಗರೂ ಒಂದು ತೊಟ್ಟಿನಲ್ಲಿ ಹಸುಗೂಸಿಗೆ ತೆಳು ಹಾಲನ್ನೂ, ಪಕ್ಕದ ತೊಟ್ಟಿನಲ್ಲಿ ಹೊರಗೆ ಓಡಾಡುವ ದೊಡ್ಡ ಮರಿಗೆ ಗಟ್ಟಿ ಹಾಲನ್ನೂ ಏಕಕಾಲದಲ್ಲಿ ಕೊಡುತ್ತದೆ. ಒಂದೇ ರಕ್ತ, ಒಂದೇ ಹಾರ್ಮೋನುಗಳು ಹರಿಯುವ ಎರಡು ಗ್ರಂಥಿಗಳು ಎರಡು ಬೇರೆ ಬೇರೆ ಹಾಲುಗಳನ್ನು ತಯಾರಿಸುವ ಈ ಸಂಗತಿ, ಎಷ್ಟು ಸಲ ಓದಿದರೂ ನನಗೆ ಹಳತಾಗಿಲ್ಲ.

ತಾಯಿ ಕಳೆದುಕೊಂಡ ಮರಿಯನ್ನು ಕೈಯಲ್ಲಿ ಸಾಕುವವರಿಗೆ ಇದರ ಅರ್ಥವೇನೆಂದರೆ, ಒಂದೇ ಬಗೆಯ ಪುಡಿಹಾಲನ್ನು ಕಲಸಿ ಮೊದಲಿನಿಂದ ಕೊನೆಯವರೆಗೆ ಕುಡಿಸುವಂತಿಲ್ಲ. ಮರಿಯ ವಯಸ್ಸನ್ನು ಪಾದದ ಉದ್ದ, ಬಾಲದ ಉದ್ದ, ಕೂದಲಿನ ಸ್ಥಿತಿ ನೋಡಿ ಅಂದಾಜು ಮಾಡಿ, ಆಯಾ ಹಂತಕ್ಕೆ ತಕ್ಕ ಮಿಶ್ರಣಕ್ಕೆ ನಿಧಾನವಾಗಿ ಬದಲಾಯಿಸುತ್ತಾ ಹೋಗಬೇಕು. ಹಸುವಿನ ಹಾಲಂತೂ ಕೂಡದು. ಅದರ ಲ್ಯಾಕ್ಟೋಸ್ ಒಡೆದಾಗ ಬರುವ ಗ್ಯಾಲಕ್ಟೋಸ್ ಸಕ್ಕರೆಯನ್ನು ಅರಗಿಸುವ ಶಕ್ತಿ ಕಾಂಗರೂ ಮರಿಗಳಲ್ಲಿ ತೀರಾ ಕಡಿಮೆ. ಭೇದಿ ಶುರುವಾಗುತ್ತದೆ, ಸಕ್ಕರೆ ಕಣ್ಣಿನ ಮಸೂರದಲ್ಲಿ ಸೇರಿಕೊಂಡು ಪೊರೆ ಬೆಳೆಯುತ್ತದೆ, ಕೊನೆಗೆ ಮರಿ ಕುರುಡಾಗುತ್ತದೆ. ಕರುಣೆಯಿಂದ ಹಾಲೆರೆದವರ ಕೈಯಲ್ಲೇ ಹೀಗೆ ಕುರುಡಾದ ಮರಿಗಳಿವೆ ಎಂಬುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕೋಲಾದಲ್ಲಿ ಹಾಲಿನ ಜೊತೆಗೆ ಇನ್ನೊಂದು ಹಂತವಿದೆ. ನೀಲಗಿರಿ ಎಲೆಯಲ್ಲಿ ನಾರು ಹೆಚ್ಚು, ಪೌಷ್ಟಿಕಾಂಶ ಕಡಿಮೆ, ವಿಷದ ಅಂಶಗಳು ಬೇರೆ. ಅದನ್ನು ಜೀರ್ಣಿಸಿಕೊಳ್ಳಲು ಬೇಕಾದ ಸೂಕ್ಷ್ಮಜೀವಿಗಳು ಮರಿಗೆ ಹುಟ್ಟಿನಿಂದ ಬರುವುದಿಲ್ಲ. ಆರು ತಿಂಗಳ ಆಸುಪಾಸಿನಲ್ಲಿ ತಾಯಿ ತನ್ನ ಕುರುಡುಕರುಳಿನಿಂದ ಮೃದುವಾದ, ಮಾಮೂಲಿ ಹಿಕ್ಕೆಗಿಂತ ಬೇರೆಯೇ ಆದ ಒಂದು ದ್ರವ್ಯವನ್ನು ಹೊರಹಾಕುತ್ತದೆ. ಚೀಲದಿಂದ ತಲೆ ಹೊರಗಿಟ್ಟ ಮರಿ ಅದನ್ನು ತಿಂದು ಎಲೆಯ ಆಹಾರಕ್ಕೆ ಸಿದ್ಧವಾಗುತ್ತದೆ. ಕೈಯಲ್ಲಿ ಬೆಳೆಸುವ ಕೋಲಾ ಮರಿಗೆ ಬೇರೊಂದು ಆರೋಗ್ಯವಂತ ಕೋಲಾದಿಂದ ಇದನ್ನು ಸಂಪಾದಿಸಿ ತಿನ್ನಿಸಬೇಕಾಗುತ್ತದೆ. ಕೋಲಾ ಸಾಕುವ ಮೃಗಾಲಯಗಳು ತಮ್ಮದೇ ನೀಲಗಿರಿ ತೋಪುಗಳನ್ನು ಬೆಳೆಸಿಕೊಂಡು, ಪ್ರತಿದಿನ ಹಲವು ಜಾತಿಯ ಎಲೆಗಳನ್ನು ಪ್ರಾಣಿ ತಿನ್ನುವುದಕ್ಕಿಂತ ಬಹಳ ಹೆಚ್ಚಾಗಿ ಕಟ್ಟಿಡುತ್ತವೆ, ಏಕೆಂದರೆ ನಿನ್ನೆ ಆಸೆಯಿಂದ ತಿಂದ ಎಲೆಯನ್ನು ಇವತ್ತು ಮೂಸಿ ಬಿಟ್ಟುಬಿಡುವುದು ಕೋಲಾದ ಸ್ವಭಾವ.

ಈಗ ಸಂತಾನವೃದ್ಧಿಯ ಅತ್ಯಂತ ಸೂಕ್ಷ್ಮವಾದ ಕೆಲಸಕ್ಕೆ ಬರುತ್ತೇನೆ. ಅನೇಕ ಕಾಂಗರೂ ಜಾತಿಗಳಲ್ಲಿ ಮತ್ತು ಅವುಗಳ ಚಿಕ್ಕ ಬಂಧುಗಳಾದ ವಾಲಬಿ ಜಾತಿಗಳಲ್ಲಿ ಹೆರಿಗೆಯಾದ ಕೂಡಲೇ ತಾಯಿ ಮತ್ತೆ ಬೆದೆಗೆ ಬಂದು ಕೂಡುತ್ತದೆ. ಆಗ ಉಂಟಾದ ಭ್ರೂಣ ನೂರರ ಆಸುಪಾಸಿನಷ್ಟು ಜೀವಕೋಶಗಳ ಒಂದು ಚೆಂಡಾಗುವವರೆಗೆ ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ. ಚೀಲದಲ್ಲಿರುವ ಮರಿ ಮೊಲೆ ಉಣ್ಣುತ್ತಿರುವಷ್ಟು ಕಾಲ ಅದರ ಬೆಳವಣಿಗೆಗೆ ತಡೆ. ಉಣ್ಣುವುದು ನಿಂತರೆ, ಅಂದರೆ ಮರಿ ಸತ್ತರೆ ಅಥವಾ ಚೀಲ ಬಿಟ್ಟರೆ, ನಿಂತಿದ್ದ ಭ್ರೂಣ ಮತ್ತೆ ಬೆಳೆಯತೊಡಗಿ ಸುಮಾರು ಒಂದು ತಿಂಗಳಲ್ಲಿ ಹೊಸ ಮರಿ ಹುಟ್ಟುತ್ತದೆ. ಟಾಮರ್ ವಾಲಬಿಯಲ್ಲಿ ಹಗಲಿನ ಉದ್ದವೂ ಈ ತಡೆಗೆ ಸೇರಿಕೊಳ್ಳುವುದರಿಂದ ಭ್ರೂಣ ಹನ್ನೊಂದು ತಿಂಗಳವರೆಗೂ ಕಾದಿರಬಲ್ಲದು.

ಆಸ್ಟ್ರೇಲಿಯದ ಸಂರಕ್ಷಕರು ಈ ಗುಣವನ್ನೇ ಉಪಯೋಗಿಸಿಕೊಂಡರು. ಅಳಿವಿನ ಅಂಚಿಗೆ ಬಂದಿದ್ದ ಕುಚ್ಚುಬಾಲದ ಬಂಡೆ ವಾಲಬಿಯ ಎಳೆಮರಿಯನ್ನು ತಾಯಿಯ ಚೀಲದಿಂದ ತೆಗೆದು, ಹೆಚ್ಚು ಸಂಖ್ಯೆಯಲ್ಲಿರುವ ಬೇರೊಂದು ಜಾತಿಯ ವಾಲಬಿಯ ಚೀಲಕ್ಕೆ ಸೇರಿಸುತ್ತಾರೆ. ಹೆತ್ತ ತಾಯಿಯೊಳಗೆ ಕಾದಿದ್ದ ಭ್ರೂಣ ಎಚ್ಚೆತ್ತು ಮುಂದಿನ ಮರಿ ಬರುತ್ತದೆ. ವರ್ಷಕ್ಕೆ ಒಂದು ಮರಿ ಬೆಳೆಸುತ್ತಿದ್ದ ಹೆಣ್ಣಿನಿಂದ ಹೀಗೆ ಹಲವು ಮರಿಗಳನ್ನು ಪಡೆಯಬಹುದು. ಹೇಳುವುದಕ್ಕೆ ಇದು ಸುಲಭ. ಅರಿವಳಿಕೆ ಕೊಟ್ಟ ತಾಯಿಯ ಚೀಲವನ್ನು ಬಿಡಿಸಿ, ಕೂದಲೂ ಬಾರದ ಮರಿಯ ಬಾಯಿಂದ ಉಬ್ಬಿದ ತೊಟ್ಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರಿಸಬೇಕು. ಎಳೆದರೆ ಬಾಯ ಅಂಚು ಹರಿಯುತ್ತದೆ. ಆಮೇಲೆ ಸಾಕುತಾಯಿಯ ತೊಟ್ಟನ್ನು, ಅದೂ ಆ ಬಾಯಿಗೆ ಹೊಂದುವಷ್ಟೇ ಉದ್ದ ಮತ್ತು ದಪ್ಪವಿರುವ ತೊಟ್ಟನ್ನು, ಮರಿಯ ಬಾಯೊಳಗೆ ತೂರಿಸಿ, ಅದು ಹಿಡಿದುಕೊಂಡಿತೇ ಎಂದು ಕಾಯಬೇಕು. ಸಾಕುತಾಯಿಯ ಹಾಲೂ ಅದೇ ಹಂತದ್ದಾಗಿರಬೇಕು. ಅದಕ್ಕೆಂದು ಅವಳ ಸ್ವಂತ ಎಳೆಮರಿಯನ್ನು ತೆಗೆಯಬೇಕಾಗುತ್ತದೆ, ಮತ್ತು ಅಷ್ಟು ಎಳೆಯ ಮರಿಯನ್ನು ಹೊರಗೆ ಬದುಕಿಸುವುದು ಸಾಧ್ಯವಿಲ್ಲ. ಈ ವಿಧಾನದ ಬೆಲೆ ಇದು. ಒಂದು ಜಾತಿಯೇ ಕಣ್ಮರೆಯಾಗುವ ಸಂದರ್ಭದಲ್ಲಿ ಇದನ್ನು ನಾನು ಒಪ್ಪುತ್ತೇನೆ, ಆದರೆ ಮೃಗಾಲಯದಲ್ಲಿ ನೋಡಲು ಮರಿಗಳ ಸಂಖ್ಯೆ ಹೆಚ್ಚಲಿ ಎಂಬ ಕಾರಣಕ್ಕಾದರೆ ಒಪ್ಪಲಾರೆ.

ಅಡಿಲೇಡ್ ಮೃಗಾಲಯದಲ್ಲಿ 2014ರ ನವೆಂಬರ್‌ನಲ್ಲಿ ನಡೆದದ್ದು ಈ ಅನುಭವದ ಫಲ. ಗುಡ್‌ಫೆಲೋ ಮರ ಕಾಂಗರೂ ಒಂದು ಮೇಲಿನಿಂದ ಬಿದ್ದ ಕೊಂಬೆಗೆ ಸಿಕ್ಕಿ ಸತ್ತಾಗ ಅದರ ಚೀಲದಲ್ಲಿ ಕೆಲವೇ ವಾರಗಳ ಮರಿಯಿತ್ತು. ಕೈಯಲ್ಲಿ ಬೆಳೆಸಲಾರದಷ್ಟು ಚಿಕ್ಕದಾಗಿದ್ದ ಆ ಮರಿಯನ್ನು ಹಳದಿಗಾಲಿನ ಬಂಡೆ ವಾಲಬಿಯ ಚೀಲಕ್ಕೆ ಸೇರಿಸಿದರು. ಮರ ಹತ್ತುವ ಪ್ರಾಣಿಯ ಮರಿಯನ್ನು ಬಂಡೆಯಿಂದ ಬಂಡೆಗೆ ನೆಗೆಯುವ ಪ್ರಾಣಿಯ ಚೀಲದಲ್ಲಿ ಬೆಳೆಸಲು ಅದಕ್ಕೆ ಮೊದಲು ಯಾರೂ ಪ್ರಯತ್ನಿಸಿರಲಿಲ್ಲ. ಮಕಾಯಾ ಎಂದು ಹೆಸರಿಟ್ಟ ಆ ಮರಿ ಕೆಲವು ತಿಂಗಳ ನಂತರ ಚೀಲದಿಂದ ಮುಖ ತೋರಿಸಿತು, ಸಾಕುತಾಯಿಗೆ ಭಾರವಾಗುವಷ್ಟು ಬೆಳೆದ ಮೇಲೆ ಪಾಲಕರ ಕೈಗೆ ಬಂದು ಉಳಿಯಿತು.

ಚೀಲ ಭದ್ರವೆಂದು ನಾವು ಭಾವಿಸುತ್ತೇವೆ, ಆದರೆ ತಾಯಿ ಗಾಬರಿಯಾದಾಗ ಅದೇ ಚೀಲ ಸಡಿಲವಾಗುತ್ತದೆ. ಬೆನ್ನಟ್ಟಿದ ನಾಯಿ, ಬಲೆ ಹಿಡಿದು ಓಡಿಬಂದ ಜನ, ಸಾಗಣೆ ಪೆಟ್ಟಿಗೆಯ ಸದ್ದು, ಯಾವುದಾದರೂ ಸಾಕು. ಚೀಲದ ಬಾಯಿಯ ಸ್ನಾಯು ಬಿಟ್ಟುಕೊಂಡು ಮರಿ ನೆಲಕ್ಕೆ ಬೀಳುತ್ತದೆ. ಅನುಭವಿಗಳು ವಾಲಬಿಯನ್ನು ಹಿಡಿಯಬೇಕಾದಾಗ ಚೀಲದ ಬಾಯಿಗೆ ಅಂಟುಪಟ್ಟಿ ಹಚ್ಚುವುದು ಇದಕ್ಕೇ. ಅಟ್ಟಿಸಿಕೊಂಡು ಹೋಗಿ ಹಿಡಿದ ಪ್ರಾಣಿ ಮೇಲ್ನೋಟಕ್ಕೆ ಚೆನ್ನಾಗಿದ್ದು, ಸ್ನಾಯುಗಳು ಒಳಗೊಳಗೇ ನಾಶವಾಗಿ ಒಂದೆರಡು ದಿನಗಳಲ್ಲಿ ಸಾಯುವುದೂ ಉಂಟು. ಉಳಿದ ಅಪಾಯಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, ಇಕ್ಕಟ್ಟಾದ ಕೊಳಕು ಆವರಣದಲ್ಲಿ ಒರಟು ಮೇವಿನ ಚೂರು ಒಸಡಿಗೆ ಚುಚ್ಚಿ ದವಡೆಯ ಮೂಳೆಯೇ ಕೊಳೆಯುವ ರೋಗ ಕಾಂಗರೂಗಳ ದೊಡ್ಡ ಶತ್ರು. ಬೆಕ್ಕಿನ ಮಲದಿಂದ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ ಆಸ್ಟ್ರೇಲಿಯದ ಮಾರ್ಸೂಪಿಯಲ್‌ಗಳನ್ನು ಹಠಾತ್ತನೆ ಕೊಲ್ಲಬಲ್ಲದು, ಏಕೆಂದರೆ ಅವು ವಿಕಾಸಗೊಂಡದ್ದು ಬೆಕ್ಕೇ ಇಲ್ಲದ ನೆಲದಲ್ಲಿ. ಮೇವಿನ ಕೊಠಡಿಗೆ ಬೆಕ್ಕು ಕಾಲಿಡದಂತೆ ನೋಡಿಕೊಳ್ಳುವುದು ಸಾಕಣೆಯ ಮೊದಲ ನಿಯಮಗಳಲ್ಲಿ ಒಂದು.

ಮಾಂಸಾಹಾರಿ ಮಾರ್ಸೂಪಿಯಲ್‌ಗಳಾದ ಕ್ವೋಲ್, ಡನಾರ್ಟ್, ಡೆವಿಲ್ ಮುಂತಾದವುಗಳಲ್ಲಿ ಅನೇಕವು ಒಂಟಿ ಪ್ರಾಣಿಗಳು. ಬೆದೆಗೆ ಬಾರದ ಹೆಣ್ಣಿನ ಬಳಿಗೆ ಗಂಡನ್ನು ಬಿಟ್ಟರೆ ಕಚ್ಚಾಟವೇ ಆಗುತ್ತದೆ. ಪಾಲಕರು ಇಲ್ಲಿ ಬಳಸುವ ಉಪಾಯ ಸರಳವಾದದ್ದು: ಹೆಣ್ಣಿನ ಒಂದು ಹನಿ ಮೂತ್ರವನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ, ಬೆದೆ ಹತ್ತಿರವಾದಂತೆ ಅದರಲ್ಲಿ ಒಣಗಿದ ಹುರುಪೆಯಂಥ ಜೀವಕೋಶಗಳು ಹೆಚ್ಚುತ್ತವೆ. ದಕ್ಷಿಣ ಅಮೆರಿಕದ ಬೂದು ಗಿಡ್ಡಬಾಲದ ಒಪೋಸಮ್‌ನಲ್ಲಿ ಗಂಡಿನ ವಾಸನೆಯೇ ಹೆಣ್ಣನ್ನು ಬೆದೆಗೆ ತರುತ್ತದೆ. ಆದ್ದರಿಂದ ಗಂಡು ಮಲಗಿದ್ದ ಗೂಡಿನ ಹಾಸನ್ನು ಮೊದಲು ಹೆಣ್ಣಿನ ಗೂಡಿಗೆ ಹಾಕಿ, ಕೆಲವು ದಿನ ಬಿಟ್ಟು ಜೋಡಿ ಮಾಡಬಹುದು. ಹೊಟ್ಟೆಯಲ್ಲಿ ಚೀಲವೇ ಇಲ್ಲದ, ಎರಡು ವಾರಕ್ಕೆ ಹೆರುವ ಈ ಪುಟ್ಟ ಪ್ರಾಣಿ ಪ್ರಯೋಗಾಲಯಗಳಲ್ಲಿ ಎಷ್ಟು ಚೆನ್ನಾಗಿ ನೆಲೆಗೊಂಡಿತೆಂದರೆ, ಮಾರ್ಸೂಪಿಯಲ್‌ಗಳ ಪೈಕಿ ಮೊದಲು ಪೂರ್ಣ ಜೀನೋಮ್ ಪ್ರಕಟವಾದದ್ದು ಇದರದ್ದೇ, 2007ರಲ್ಲಿ. ಇಲಿಯಷ್ಟು ಪುಟ್ಟ ಆಸ್ಟ್ರೇಲಿಯದ ಮಾರ್ಸೂಪಿಯಲ್ ಆದ ಆಂಟೆಕೈನಸ್‌ನ ಕಥೆ ಇದಕ್ಕೆ ತದ್ವಿರುದ್ಧ. ವರ್ಷಕ್ಕೊಮ್ಮೆ ಬರುವ ಒಂದೆರಡು ವಾರಗಳ ಕೂಡುವ ಋತು ಮುಗಿದೊಡನೆ ಕಾಡಿನಲ್ಲಿ ಅದರ ಗಂಡುಗಳೆಲ್ಲ ದೇಹದೊಳಗಿನ ಒತ್ತಡದ ಹಾರ್ಮೋನಿನ ಹೊಡೆತಕ್ಕೆ ಸತ್ತುಹೋಗುತ್ತವೆ. ಆ ವಾರಗಳನ್ನು ತಪ್ಪಿಸಿಕೊಂಡ ಪಾಲಕರಿಗೆ ಅದೇ ಗಂಡುಗಳೊಂದಿಗೆ ಇನ್ನೊಂದು ಅವಕಾಶ ಸಿಗುವುದಿಲ್ಲ.

ಆಹಾರದ ಕಾರಣಕ್ಕೇ ಸಾಕಲು ಕಷ್ಟವಾದವುಗಳಲ್ಲಿ ನಂಬ್ಯಾಟ್ ಒಂದು. ಹಗಲಿನಲ್ಲಿ ಓಡಾಡುವ, ಬೆನ್ನ ಮೇಲೆ ಪಟ್ಟೆಗಳಿರುವ ಈ ಪ್ರಾಣಿಗೆ ದಿನಕ್ಕೆ ಇಪ್ಪತ್ತು ಸಾವಿರದಷ್ಟು ಗೆದ್ದಲು ಬೇಕು. ಪಶ್ಚಿಮ ಆಸ್ಟ್ರೇಲಿಯದ ಪರ್ತ್ ಮೃಗಾಲಯ ಮೊಟ್ಟೆ, ಹಾಲಿನ ಪುಡಿ ಮುಂತಾದವುಗಳಿಂದ ಮಾಡಿದ ಮೆತ್ತನೆಯ ಆಹಾರಕ್ಕೆ ಗೆದ್ದಲು ಸೇರಿಸಿ ಕೊಡುವುದನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಕಲಿತು, ನಂಬ್ಯಾಟ್‌ಗಳನ್ನು ಬೆಳೆಸಿ ಕಾಡಿಗೆ ಬಿಡುತ್ತಾ ಬಂದಿದೆ. ಎಲ್ಲರಿಗೂ ಹೀಗೆ ಒಲಿಯಲಿಲ್ಲ. ಅಳಿದೇ ಹೋಯಿತೆಂದು ತಿಳಿದಿದ್ದ, ಕಾಂಗರೂವಿನ ಪುಟ್ಟ ಬಂಧುವಾದ ಗಿಲ್ಬರ್ಟ್ ಪೊಟೊರೂ 1994ರಲ್ಲಿ ಅದೇ ರಾಜ್ಯದ ಟೂ ಪೀಪಲ್ಸ್ ಬೇ ಎಂಬಲ್ಲಿ ಮತ್ತೆ ಕಂಡಿತು; ನೆಲದಡಿಯ ಅಣಬೆಗಳನ್ನೇ ಹೆಚ್ಚುಕಡಿಮೆ ಪೂರ್ಣ ಆಹಾರವಾಗಿಸಿಕೊಂಡ ಅದನ್ನು ಸೆರೆಯಲ್ಲಿ ವೃದ್ಧಿಸುವ ಪ್ರಯತ್ನ ಕೈಗೂಡಲಿಲ್ಲ. ಸಂರಕ್ಷಕರು ಹಠ ಹಿಡಿಯದೆ, 2005ರಿಂದ ಕೆಲವು ಪ್ರಾಣಿಗಳನ್ನು ಬಾಲ್ಡ್ ಐಲ್ಯಾಂಡ್ ದ್ವೀಪಕ್ಕೆ ಸಾಗಿಸಿ ಅಲ್ಲಿ ಬೆಳೆಯಬಿಟ್ಟರು. 2015ರ ಬೆಂಕಿಯಲ್ಲಿ ಮೂಲ ನೆಲೆಯ ಬಹುಭಾಗ ಸುಟ್ಟುಹೋದಾಗ ಈ ಜಾತಿಗೆ ಆಸರೆಯಾಗಿ ಉಳಿದಿದ್ದದ್ದು ಆ ದ್ವೀಪ. ಯಾವ ಪ್ರಾಣಿಯನ್ನು ಗೂಡಿನಲ್ಲಿ ಬೆಳೆಸಬಾರದು ಎಂದು ಬೇಗ ಗುರುತಿಸುವುದೂ ಈ ವಿದ್ಯೆಯ ಭಾಗವೆಂದು ನಾನು ನಂಬಿದ್ದೇನೆ.

ಮನೆಗಳಲ್ಲಿ ಸಾಕುವ, ಮರದಿಂದ ಮರಕ್ಕೆ ತೇಲುವ ಪುಟ್ಟ ಮಾರ್ಸೂಪಿಯಲ್ ಆದ ಶುಗರ್ ಗ್ಲೈಡರ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇವು ಕಾಡಿನಲ್ಲಿ ಗುಂಪಾಗಿ ಒಂದೇ ಪೊಟರೆಯಲ್ಲಿ ಮಲಗುವ, ರಾತ್ರಿ ಮರದ ಅಂಟು, ರಸ, ಮಕರಂದ, ಕೀಟಗಳನ್ನು ತಿನ್ನುವ ಪ್ರಾಣಿಗಳು. ಒಂಟಿಯಾಗಿ ಪಂಜರದಲ್ಲಿಟ್ಟು ಹಣ್ಣಿನ ಹೋಳುಗಳಲ್ಲೇ ಸಾಕಿದರೆ ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗಿ ಹಿಂಗಾಲುಗಳು ಸ್ವಾಧೀನ ತಪ್ಪುತ್ತವೆ. ಒಂಟಿತನಕ್ಕೆ ಕೆಲವು ತಮ್ಮ ಕೂದಲನ್ನೂ ಚರ್ಮವನ್ನೂ ತಾವೇ ಕಿತ್ತುಕೊಳ್ಳುತ್ತವೆ. ಇವುಗಳನ್ನು ಜೇಬಿನಲ್ಲಿಟ್ಟುಕೊಳ್ಳುವ ಆಟಿಕೆಯಂತೆ ಮಾರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸಂಖ್ಯೆ ಹೆಚ್ಚಿಸುವುದರಲ್ಲಿ ಗೆದ್ದ ಮೇಲೂ ಪ್ರಶ್ನೆಗಳು ಉಳಿಯುತ್ತವೆ. 1996ರಲ್ಲಿ ಟಾಸ್ಮೇನಿಯದ ಈಶಾನ್ಯದಲ್ಲಿ ಮೊದಲು ಕಾಣಿಸಿಕೊಂಡ ಮುಖದ ಗೆಡ್ಡೆ ರೋಗ, ಕಚ್ಚಾಟದಿಂದ ಒಂದು ಡೆವಿಲ್‌ನಿಂದ ಇನ್ನೊಂದಕ್ಕೆ ಅಂಟುವ ಕ್ಯಾನ್ಸರ್. ರೋಗ ತಗುಲದ ಪ್ರಾಣಿಗಳನ್ನು ಹಿಡಿದು ಮೃಗಾಲಯಗಳಲ್ಲೂ ಬೇಲಿ ಹಾಕಿದ ದೊಡ್ಡ ಆವರಣಗಳಲ್ಲೂ ಒಂದು ವಿಮಾ ಸಂತತಿಯನ್ನು, ಅಂದರೆ ಕಾಡಿನವು ಅಳಿದರೂ ಜಾತಿ ಉಳಿಯಲೆಂದು ಕಾದಿರಿಸಿದ ಗುಂಪನ್ನು, ಕಟ್ಟಿದರು. ಅದರಿಂದ 28 ಡೆವಿಲ್‌ಗಳನ್ನು 2012 ಮತ್ತು 2013ರಲ್ಲಿ ಮರಾಯಾ ದ್ವೀಪಕ್ಕೆ ಬಿಟ್ಟಾಗ ಅವು ಚೆನ್ನಾಗಿ ಹೆಚ್ಚಿದವು, ಆದರೆ ಅಲ್ಲಿ ಗೂಡು ಕಟ್ಟುತ್ತಿದ್ದ ಸಾವಿರಾರು ಪುಟ್ಟ ಪೆಂಗ್ವಿನ್‌ಗಳು ಇಲ್ಲವಾದವು. ಇನ್ನೊಂದು ಸಂಗತಿ 2017ರಲ್ಲಿ ಪ್ರಕಟವಾಯಿತು: ಸೆರೆಯಲ್ಲಿ ಹೆಚ್ಚು ತಲೆಮಾರು ಕಳೆದ ವಂಶದ ಡೆವಿಲ್‌ಗಳು ಕಾಡಿಗೆ ಬಿಟ್ಟ ಮೇಲೆ ವಾಹನಗಳಿಗೆ ಸಿಕ್ಕಿ ಸಾಯುವ ಸಂಭವ ಹೆಚ್ಚು. ಸಾಕಿದ ಕೈ ಕಾಣದ ಏನನ್ನೋ ಪ್ರಾಣಿ ಕಳೆದುಕೊಳ್ಳುತ್ತಿದೆ. ಆದ್ದರಿಂದ ತಲೆಮಾರುಗಳನ್ನು ಆದಷ್ಟು ಕಡಿಮೆ ಮಾಡುವುದು, ಕಾಡಿನ ರಕ್ತವನ್ನು ನಡುನಡುವೆ ಸೇರಿಸುವುದು ಅನಿವಾರ್ಯ.

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಪೂರ್ವಪಟ್ಟೆ ಬ್ಯಾಂಡಿಕೂಟ್‌ನಲ್ಲಿ, ಸೆರೆಯಲ್ಲಿ ಬೆಳೆಸಿ ಮತ್ತೆ ಹೊರಗೆ ನೆಲೆಗೊಳಿಸುವುದು ಸಾಧ್ಯವಾಯಿತು. ಬ್ಯಾಂಡಿಕೂಟ್ ಎಂಬ ಹೆಸರು ತೆಲುಗಿನ ಪಂದಿಕೊಕ್ಕು ಎಂಬ ಮಾತಿನಿಂದ ಹೊರಟು ಹೆಗ್ಗಣವನ್ನು ಸೂಚಿಸುತ್ತಿದ್ದರೂ, ಉದ್ದ ಮೂತಿಯ ಈ ಪ್ರಾಣಿಗೂ ಹೆಗ್ಗಣಕ್ಕೂ ನಂಟಿಲ್ಲ. ನರಿಯ ಕಾಟಕ್ಕೆ ಬಯಲೆಲ್ಲ ಬರಿದಾದ ಮೇಲೆ ಇವುಗಳ ಕೊನೆಯ ಗುಂಪು ಹ್ಯಾಮಿಲ್ಟನ್ ಪಟ್ಟಣದ ಆಸುಪಾಸಿನಲ್ಲಿ ಉಳಿದಿತ್ತು; ಊರಿನ ಕಸದ ರಾಶಿಯಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಕಾರುಗಳೂ ಅವುಗಳಿಗೆ ಮನೆಯಾಗಿದ್ದವು. ಹನ್ನೆರಡೂವರೆ ದಿನಕ್ಕೆ ಹೆರುವ, ಸುಮಾರು ಎಂಟು ವಾರಕ್ಕೆ ಮರಿಗಳನ್ನು ಚೀಲದಿಂದ ಹೊರಗೆ ಬಿಡುವ ಬ್ಯಾಂಡಿಕೂಟ್ ಸಾಕಣೆಗೆ ಬೇಗ ಸ್ಪಂದಿಸುತ್ತದೆ. ಮೂರು ದಶಕ ಮೃಗಾಲಯಗಳಲ್ಲಿ ಬೆಳೆಸಿ, ನರಿ ಬಾರದ ಬೇಲಿಗಳೊಳಗೂ ನರಿಯಿಲ್ಲದ ದ್ವೀಪಗಳಿಗೂ ಬಿಟ್ಟು, 2021ರಲ್ಲಿ ಇವುಗಳ ಸ್ಥಾನವನ್ನು ಕಾಡಿನಲ್ಲಿ ಅಳಿದದ್ದು ಎಂಬುದರಿಂದ ಅಪಾಯದಲ್ಲಿರುವುದು ಎಂಬುದಕ್ಕೆ ಬದಲಾಯಿಸಲಾಯಿತು. ಟಾಸ್ಮೇನಿಯನ್ ಹುಲಿ ಎಂದೂ ಕರೆಯುವ ಥೈಲಸೀನ್‌ಗೆ ಈ ಅದೃಷ್ಟ ಇರಲಿಲ್ಲ. ಹಲವು ದೇಶಗಳ ಮೃಗಾಲಯಗಳು ಅದನ್ನು ಸಾಕಿದ್ದರೂ ಸೆರೆಯಲ್ಲಿ ಅದು ಮರಿ ಬೆಳೆಸಿದ್ದು ಒಂದೇ ಸಲ, 1899ರಲ್ಲಿ ಮೆಲ್ಬರ್ನ್‌ನಲ್ಲಿ. ಕೊನೆಯದು ಹೋಬಾರ್ಟ್ ಮೃಗಾಲಯದಲ್ಲಿ 1936ರ ಸೆಪ್ಟೆಂಬರ್ 7ರಂದು ಸತ್ತಿತು.

ಯಾರೂ ಯೋಜಿಸದೆ ಆದ ಒಂದು ಸಾಕಣೆಯ ಕಥೆ ಇನ್ನು ಉಳಿದಿದೆ. ನ್ಯೂಜಿಲೆಂಡಿನ ಗವರ್ನರ್ ಆಗಿದ್ದ ಸರ್ ಜಾರ್ಜ್ ಗ್ರೇ 1870ರ ಸುಮಾರಿಗೆ ತನ್ನ ಕವಾವ್ ದ್ವೀಪಕ್ಕೆ ಆಸ್ಟ್ರೇಲಿಯದಿಂದ ಹಲವು ಬಗೆಯ ವಾಲಬಿಗಳನ್ನು ಹವ್ಯಾಸಕ್ಕಾಗಿ ತರಿಸಿ ಬಿಟ್ಟಿದ್ದರು. ಅವು ಅಲ್ಲಿನ ಗಿಡಗಳನ್ನು ತಿಂದು ಪೀಡೆಯೆನಿಸಿಕೊಂಡವು. ತಾಯ್ನೆಲದಲ್ಲಿ ಅಳಿಯಿತೆಂದು ಬರೆದಿಟ್ಟಿದ್ದ ಪಾರ್ಮಾ ವಾಲಬಿ ಆ ದ್ವೀಪದಲ್ಲಿದೆ ಎಂದು 1965ರಲ್ಲಿ ಗೊತ್ತಾದಾಗ ಅದನ್ನು ಹಿಡಿದು ಅನೇಕ ಮೃಗಾಲಯಗಳಿಗೆ ಹಂಚಿದರು. ಎರಡು ವರ್ಷಗಳ ನಂತರ ನ್ಯೂ ಸೌತ್ ವೇಲ್ಸ್‌ನ ಕಾಡಿನಲ್ಲೇ ಅದು ಬದುಕಿರುವುದೂ ಪತ್ತೆಯಾಯಿತು. ದಕ್ಷಿಣ ಆಸ್ಟ್ರೇಲಿಯದ ಮುಖ್ಯಭೂಮಿಯ ಟಾಮರ್ ವಾಲಬಿಗೆ ಅಂಥ ಕಾಡು ಉಳಿದಿರಲಿಲ್ಲ, 1920ರ ದಶಕದಲ್ಲೇ ಅದು ಅಲ್ಲಿಂದ ಕಣ್ಮರೆಯಾಗಿತ್ತು. ಕವಾವ್ ದ್ವೀಪದ ಟಾಮರ್‌ಗಳು ಅದೇ ವಂಶದವೆಂದು ಡಿಎನ್‌ಎ ಪರೀಕ್ಷೆ ತೋರಿಸಿಕೊಟ್ಟಿತು. 2003ರಲ್ಲಿ ಅವುಗಳಲ್ಲಿ 85ನ್ನು ಹಿಡಿದು ಆಸ್ಟ್ರೇಲಿಯಕ್ಕೆ ತಂದರು, ಮೊನಾರ್ಟೋ ಮೃಗಾಲಯದಲ್ಲಿ ಬೆಳೆಸಿದರು, ಮರುವರ್ಷ ಅವುಗಳ ಮೊದಲ ಗುಂಪನ್ನು ಇನ್ನೆಸ್ ರಾಷ್ಟ್ರೀಯ ಉದ್ಯಾನದಲ್ಲಿ, ನರಿಗಳನ್ನು ನಿಯಂತ್ರಿಸಿದ ಕುರುಚಲು ಕಾಡಿಗೆ ಬಿಟ್ಟರು. ಆ ಕಾಡಿನಲ್ಲೇ ಚೀಲ ಸೇರಿ ಬೆಳೆದು ಹೊರಬಂದ ಟಾಮರ್ ಮರಿಗಳು ಈಗ ಅಲ್ಲಿ ಓಡಾಡುತ್ತಿವೆ.